ಹೊಳೆ ನಡುವಿನ ನಕಾಶೆ

೧೯೭೪ರ ಏಪ್ರಿಲ್‌ನಲ್ಲಿ ನಡೆದ ಏಳನೇ ಇಯತ್ತೆಯ ಪರೀಕ್ಷೆಯಲ್ಲಿ ಕಡವಗಿಯ ಕನ್ನಡ ಶಾಲೆಯ ಹತ್ತೊಂಬತ್ತು ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆಂದು ಅವರೆಲ್ಲರನ್ನೂ ನಪಾಸು ಮಾಡಿ, ಮುಂದಿನ ಎರಡು ವರ್ಷ ಪರೀಕ್ಷೆಗೆ ಕೂರದಂತೆ ತಡೆಹಿಡಿಯಲಾಯಿತು.

ಪ್ರಶ್ನೆ ಹೀಗಿತ್ತು: ನಿಮ್ಮ ಊರಿನ ನಕಾಶೆ ತೆಗೆದು ಸುತ್ತಲಿನ ಊರುಗಳನ್ನು ತೋರಿಸಿರಿ, ಊರಿನ ಭೂಗೋಳ ಮತ್ತು ಇತಿಹಾಸವನ್ನು ಹತ್ತು ಸಾಲುಗಳಲ್ಲಿ ಬರೆಯಿರಿ. ಇಪ್ಪತ್ತು ಅಂಕ.

ಹತ್ತೊಂಬತ್ತು ಮಕ್ಕಳೂ ಭೀಮಾ ಹೊಳೆಯನ್ನು ಕಾಗದದ ನಟ್ಟನಡುವೆ ಎಳೆದಿದ್ದರು. ಹತ್ತೊಂಬತ್ತು ಮಕ್ಕಳೂ ನಕಾಶೆಯ ಕೆಳಗೆ 'ಪ್ರಮಾಣ: ಒಂದು ಬೆರಳು ಅಂದರೆ ಒಂದು ವಸ್ತಿ' ಎಂದು ಬರೆದಿದ್ದರು. ಪೇಪರು ನೋಡಿದವರು ಸೊಲ್ಲಾಪುರದಲ್ಲಿ ಕುಳಿತಿದ್ದರು. ಒಂದೇ ತಪ್ಪು ಹತ್ತೊಂಬತ್ತು ಕಡೆ ಹುಟ್ಟಲು ಸಾಧ್ಯವಿಲ್ಲ ಎಂದು ಷರಾ ಬರೆದರು.

ಆ ತಪ್ಪನ್ನು ಕಲಿಸಿದವಳು ನಾನು.

ಕಡವಗಿ ಭೀಮೆಯ ಈಚೆ ದಂಡೆಯ ಪೇಟೆ. ಅಕ್ಕಲಕೋಟ ತಾಲೂಕಿನ ಕಟ್ಟಕಡೆಯ ಊರು. ಎಸ್.ಟಿ. ಬಸ್ಸು ಇಲ್ಲಿಗೆ ಬಂದು ಹೊರಳುತ್ತದೆ. ಕಂಡಕ್ಟರನಿಗೆ ಇದು ಮರಾಠಿ ರಾಜ್ಯದ ತುದಿ, ಹೊಳೆಯಾಚೆ ಕನ್ನಡ ರಾಜ್ಯ. ಆದರೆ ಗುರುವಾರ ಸಂತೆಯ ದಿನ ಘಾಟಿನ ಮೇಲೆ ನಿಂತವನಿಗೆ ತುದಿ ಎಂಬುದು ಎಲ್ಲೂ ಕಾಣುವುದಿಲ್ಲ. ಅಂಬಿಗರ ಕಲ್ಲಣ್ಣನ ಹರಿಗೋಲು ಮುಂಜಾನೆಯಿಂದ ಸಂಜೆತನಕ ಆಚೆ ದಂಡೆಯ ಜನರನ್ನು ತಂದು ಇಳಿಸುತ್ತದೆ. ಮೆಣಸಿನಕಾಯಿ, ಬೆಲ್ಲ, ಹಗ್ಗ, ಕೋಳಿ, ಬಾಣಂತಿ, ಬೀಗರು, ಎಲ್ಲ ಅದೇ ಬುಟ್ಟಿಯಲ್ಲಿ. ಊರಿನ ಅರ್ಧ ಸೊಸೆಯಂದಿರ ತವರು ಆಚೆ ದಂಡೆಯಲ್ಲಿ. ಸತ್ತ ಸುದ್ದಿ ಹೇಳಬೇಕಾದರೆ ಈ ದಂಡೆಯಿಂದ ಕೂಗಿದರೆ ಸಾಕು. ಬೇಸಿಗೆಯಲ್ಲಿ ಅಷ್ಟೂ ಬೇಡ, ಮೊಣಕಾಲುದ್ದ ನೀರಿನಲ್ಲಿ ನಡೆದುಹೋಗಿ ಹೇಳಿಬರಬಹುದು.

ಸರಕಾರ ಕೊಟ್ಟ ಪುಸ್ತಕದಲ್ಲಿ ಹೊಳೆ ಕಾಗದದ ಕೆಳ ಅಂಚಿನಲ್ಲಿತ್ತು. ಅದರಾಚೆ ಬಿಳಿ.

"ಬಾಯಾರ, ಇಲ್ಲಿ ಬಿಳೀ ಯಾಕದ?" ಎಂದು ವರ್ಗದಲ್ಲಿ ಅಮೋಗಸಿದ್ಧ ಎಂಬ ಹುಡುಗ ಕೇಳಿದ. "ಅಲ್ಲೆ ನಮ್ಮ ಅತ್ತಿ ಮನಿ ಅದ. ನೆನ್ನಿನ ಹೋಗಿ ಹೋಳಿಗಿ ತಿಂದ ಬಂದೀನಿ."

ಇಡೀ ವರ್ಗ ನಕ್ಕಿತು. ನಾನೂ ನಕ್ಕೆ. ಮರುದಿನ ಮಕ್ಕಳನ್ನು ಕರೆದುಕೊಂಡು ಹೊಳೆಯ ಉಸುಕಿಗೆ ಇಳಿದೆ. ಕೋಲಿನಿಂದ ಉಸುಕಿನಲ್ಲಿ ನಕಾಶೆ ಬರೆಸಿದೆ. ನಿಂತದ್ದು ಹೊಳೆಯಲ್ಲಿ, ಆದ್ದರಿಂದ ಹೊಳೆಯೇ ನಡುವೆ ಬಂತು. ಕಿಲೋಮೀಟರಿನ ಲೆಕ್ಕ ಯಾರ ತಲೆಗೂ ಹತ್ತಲಿಲ್ಲ. ಆಗ ಕುರಿಗಾರ ಧೂಳಪ್ಪನ ಮಗಳು ಬೀರವ್ವ ಎದ್ದು ನಿಂತಳು.

"ಕರಜಗಿ ಒಂದ ವಸ್ತಿ ರೀ ಬಾಯಾರ. ಅಕ್ಕಲಕೋಟಿ ಮೂರು. ಆಚಿ ಕಡಿ ಇಂಡಿ ಮೂರು. ಸೊಲ್ಲಾಪುರ ಏಳು. ಹುಲಜಂತಿಗೆ ಹೋಗಬೇಕಂದ್ರ ಹತ್ತು ಆಗ್ತಾವ, ಮರಿ ಇದ್ರ ಹನ್ನೊಂದು."

ಹಿಂಡು ಹಗಲೆಲ್ಲ ನಡೆದು ರಾತ್ರಿ ನಿಲ್ಲುವ ಜಾಗ ವಸ್ತಿ. ಅಪ್ಪನ ಜೊತೆ ಕುರಿಯ ಹಿಂದೆ ನಡೆದ ಹುಡುಗಿಗೆ ದೂರ ಎಂದರೆ ಅದೇ. ಉಳಿದವರಿಗೂ ತಟ್ಟನೆ ತಿಳಿಯಿತು. ಒಂದು ವಸ್ತಿಗೆ ಒಂದು ಬೆರಳು ಎಂದು ಗೊತ್ತುಮಾಡಿದೆವು. ಪುಸ್ತಕದ ನಕಾಶೆಯನ್ನೂ ಕಲಿಸಿದೆ, ಗಿಣಿಯಂತೆ ಕಲಿತರು. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕೆಂದು ನಾನು ಹೇಳಲಿಲ್ಲ. ಹೇಳಬೇಕೆಂದು ತೋಚಲೂ ಇಲ್ಲ. ಪ್ರಶ್ನೆ 'ನಿಮ್ಮ ಊರಿನ ನಕಾಶೆ' ಎಂದಿತ್ತು. ಮಕ್ಕಳು ತಮ್ಮ ಊರನ್ನು ಬರೆದರು.

ತಡೆಹಿಡಿದ ಆದೇಶದ ಕಾಗದ ಮೇ ತಿಂಗಳ ಕೊನೆಗೆ ಬಂತು. ಹದಿನೆಂಟು ಮಕ್ಕಳ ಮನೆಯಲ್ಲಿ ಅದು ಅವಮಾನ. ಬೀರವ್ವನಿಗೆ ಅದು ಅಷ್ಟೇ ಆಗಿರಲಿಲ್ಲ. ಸೊಲ್ಲಾಪುರದ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ನಾನು ಅವಳಿಗೊಂದು ಜಾಗ ಹಿಡಿದಿದ್ದೆ. ಜೂನ್ ಮುಗಿಯುವುದರೊಳಗೆ ಏಳನೆಯದು ಪಾಸಾದ ದಾಖಲೆಯನ್ನೋ, ಮರುಪರೀಕ್ಷೆಗೆ ಪರವಾನಗಿಯನ್ನೋ ತೋರಿಸಿದರೆ ಹೈಸ್ಕೂಲು. ಇಲ್ಲವಾದರೆ ಆ ಜಾಗ ಬೇರೆಯವರಿಗೆ. ಧೂಳಪ್ಪ ಮೊದಲೇ ಹೇಳಿದ್ದ: "ಪಾಸಾದ್ರ ಸಾಲಿ, ನಪಾಸಾದ್ರ ಕುರಿ. ನಡುವ ಮನ್ಯಾಗ ಕೂಡಿಸಿ ಉಣಿಸಾಕ ನಂಗ ಆಗಂಗಿಲ್ಲ ಬಾಯಾರ." ಅವನು ಕಠಿಣನಲ್ಲ. ನೂರಾಹತ್ತು ಕುರಿಗೆ ಇಬ್ಬರೇ ಕಾಯುವವರು ಇದ್ದರು.

ನಾನು ಸೊಲ್ಲಾಪುರಕ್ಕೆ ಹೋದೆ. ಅದು ನನ್ನ ಊರು. ಮಂಗಳವಾರ ಪೇಟೆಯಲ್ಲಿ ನಮ್ಮಪ್ಪ ಚನ್ನವೀರಪ್ಪನವರ ಬೇಳೆಯ ಅಂಗಡಿ. ಮನೆಯಲ್ಲಿ ಮಾತೆಲ್ಲ ಕನ್ನಡ, ಅಂಗಡಿಯ ಫಲಕ ಮರಾಠಿ, ನನ್ನ ತಮ್ಮನಿಗೆ ಕನ್ನಡದ ಅಕ್ಷರವೇ ಬರದು. ಕಚೇರಿಯಲ್ಲಿ ಈ ಕಡತ ಹಿಡಿದಿದ್ದ ಸಾಹೇಬರು ಸಾತಲಿಂಗಪ್ಪನವರು ನಮ್ಮದೇ ಗಲ್ಲಿಯವರು. ಚಿಕ್ಕಂದಿನಿಂದ ನನಗೆ ಕಾಕಾ. ಮರಾಠಿಯವರು ನಮ್ಮ ಮಕ್ಕಳನ್ನು ತುಳಿದರು ಎಂದು ಬರೆಯಲು ನನಗೆ ಸುಲಭವಾಗುತ್ತಿತ್ತು. ಹಾಗಾಗಲಿಲ್ಲ. ಷರಾ ಬರೆದ ಕೈ, ಮನೆಯಲ್ಲಿ ತಾಯಿಯೊಡನೆ ಕನ್ನಡ ಮಾತಾಡುವವರದೇ ಆಗಿತ್ತು.

"ಕೂಡ್ರು ನೀಲಾ," ಎಂದರು. "ಚಾ ತಗೋತೀ?"

"ಚಾ ಬ್ಯಾಡ್ರಿ ಕಾಕಾ. ಪೇಪರ ತೋರಸ್ರಿ."

ತೋರಿಸಿದರು. ಹತ್ತೊಂಬತ್ತನ್ನೂ ಮೇಜಿನ ಮೇಲೆ ಹರಡಿದೆ.

"ನೋಡು ನೀನ," ಎಂದು ಬೆರಳಿಟ್ಟರು. "ಎಲ್ಲಾರದೂ ಹೊಳಿ ನಡುವ. ಎಲ್ಲಾರದೂ ವಸ್ತಿ. ಏನಿದು ವಸ್ತಿ? ಸರಕಾರದಾಗ ಇಂಥಾ ಅಳತಿ ಅದೇನು?"

"ಸರಕಾರ ನಡಕೋತ ಹೋಗಂಗಿಲ್ಲಲ್ಲರಿ. ಅದಕ್ಕ ಇಲ್ಲ."

"ಮಸ್ಕರಿ ಬ್ಯಾಡ."

"ಮಸ್ಕರಿ ಅಲ್ರಿ. ಇಲ್ಲಿ ನೋಡ್ರಿ, ಈ ಅಮೋಗಸಿದ್ಧನ ನಕಾಶೆ. ಅಕ್ಕಲಕೋಟಿಗಿಂತಾ ಅವರ ಅತ್ತೀ ಮನಿ ದೊಡ್ಡದು ಬರದಾನ. ಬಾಜೂಕ ಹುಣಸಿಗಿಡ. ಬ್ಯಾರೆ ಯಾರ ಪೇಪರಿನ್ಯಾಗ ಆ ಹುಣಸಿಗಿಡ ಅದ, ತೋರಸ್ರಿ. ಈಕಿ ಗುರುಬಾಯಿ. ಈಕಿ ಹರಿಗೋಲ ಮುಳಗಿದ ಜಾಗಾ ಬರದಾಳ, ಅವರಜ್ಜ ಅಲ್ಲೇ ಸತ್ತಾನ. ಅದು ಬ್ಯಾರೆ ಯಾರದರಾಗರ ಅದ? ನಕಲು ಮಾಡಿದವ ಅತ್ತೀ ಮನಿ ಸುದ್ದಾ ನಕಲು ಮಾಡ್ತಿದ್ದಿಲ್ಲೇನ್ರಿ?"

ಅವರು ಬಹಳ ಹೊತ್ತು ನೋಡಿದರು. ಬೀರವ್ವನ ಪೇಪರನ್ನು ಎತ್ತಿಕೊಂಡು ಅದರ ಹತ್ತು ಸಾಲನ್ನು ಓದಿದರು. ಬೀರವ್ವ ಬರೆದದ್ದು ಹೀಗಿತ್ತು:

'ನಮ್ಮ ಊರು ಮೊದಲು ಅಕ್ಕಲಕೋಟಿ ಅರಸರದಾಗಿತ್ತು. ಆಚೆ ದಂಡೆ ಇಂಗ್ರೇಜರದಾಗಿತ್ತು. ಹೊಳೆಯ ಕೆಳಗಿನ ಕಡೆ ನಿಜಾಮರದಾಗಿತ್ತು. ನಮ್ಮ ಅಜ್ಜನ ಕುರಿಗಳು ಮೂರೂ ಸರಕಾರದ ಹುಲ್ಲು ತಿಂದವು. ಘಾಟಿನ ಮೇಲೆ ಜಕಾತಿ ಕಟ್ಟೆ ಇತ್ತು, ಈಗ ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ. ಆಮೇಲೆ ನಮ್ಮ ಊರೂ ಆಚೆ ದಂಡೆಯೂ ಮುಂಬೈ ಸರಕಾರದ್ದಾಯಿತು. ಆಮೇಲೆ ಹೊಳೆಯ ನಡುವೆ ಗೆರೆ ಬಂತು. ಗೆರೆ ಕಾಣುವುದಿಲ್ಲ. ಆದರೆ ಆಚೆ ದಂಡೆಯಲ್ಲಿ ಕುರಿಗೆ ಬೇನೆ ಬಂದರೆ ಈಚೆ ದಂಡೆಯ ಡಾಕ್ಟರರು ಬರುವುದಿಲ್ಲ. ಹೊಳೆ ಮಾತ್ರ ಎರಡೂ ದಂಡೆಗೆ ಬರುತ್ತದೆ.'

"ಛಲೋ ಬರದಾಳ," ಎಂದರು ಸಾತಲಿಂಗಪ್ಪನವರು. ನಂತರ ದನಿ ತಗ್ಗಿಸಿದರು. "ನೋಡು ನೀಲಾ. ನಕಲು ಆಗಿಲ್ಲ ಅಂತ ನಂಗೂ ತಿಳೀತದ. ಆದ್ರ ಷರಾ ಬರದು ಮ್ಯಾಲೆ ಕಳಸೀನಿ. ಈಗ ತಿರಗಿ ತಗೊಂಡ್ರ ಕೇಳ್ತಾರ: ಕನ್ನಡ ಶಾಳಾದವರ ಮ್ಯಾಲೆ ಇಷ್ಟ ಪ್ರೀತಿ ಯಾಕ್ರಿ ಸಾತಲಿಂಗಪ್ಪಾ ಅಂತ. ಸೀಮಾ, ಗಡೀ ಜಗಳಾ ಅಂದ್ರ ಹ್ಯಾಂಗ ಹೊತ್ತಿ ಉರ್ಯಾಕತ್ತದ ನೋಡಿದೀಯಲ್ಲ. ಹೊಳಿ ನಡುವ ತಂದು ಆಚಿ ಊರು ಕೂಡಿಸಿ ಬರದಾರಂದ್ರ, ಈ ಮಕ್ಕಳಿಗೆ ಯಾರ ಕಲಿಸ್ಯಾರ, ಯಾಕ ಕಲಿಸ್ಯಾರ ಅಂತ ಬರ್ತದ. ಅದಕಿಂತಾ ನಕಲು ಅನ್ನೂದ ಸಣ್ಣ ತಪ್ಪು. ತಿಳೀತೇನು? ನಾ ನಿನ್ನ ಉಳಸಾಕತ್ತೀನಿ."

"ನನ್ನ ಉಳಸಾಕ ಹತ್ತೊಂಬತ್ತು ಮಕ್ಕಳನ್ನ ಕಳ್ಳರ ಮಾಡೀರಿ."

"ಹಾದಿ ಅದ, ಕೇಳು." ಕಪಾಟಿನಿಂದ ಅಚ್ಚು ಹಾಕಿಸಿದ ಕಾಗದಗಳ ಕಟ್ಟು ತೆಗೆದರು. ಮರಾಠಿಯಲ್ಲಿದ್ದವು. "ಮಾಫಿ ಅರ್ಜಿ. ಚೂಕ ಆಗ್ಯದ ಅಂತ ಒಪ್ಪಿಕೊಂಡು ತಂದಿ ಇಲ್ಲಾ ತಾಯಿ ಹೆಬ್ಬಟ್ಟು ಹಚ್ಚಬೇಕು. ಹತ್ತೊಂಬತ್ತೂ ಬಂದ್ರ ಜುಲೈದಾಗ ಇದೊಂದ ಪೇಪರ ಮತ್ತ ಬರಸ್ತೀವಿ. ಪರವಾನಗಿ ಅವತ್ತ ಕೊಡ್ತೀನಿ. ಪಾಸ್ ಆಗೂದು ನನ್ನ ಹೊಣಿ. ಆದ್ರ ಹತ್ತೊಂಬತ್ತೂ ಬೇಕು. ಒಂದು ಕಮ್ಮಿ ಬಿದ್ರೂ ನನ್ನ ಷರಾ ನಿಲ್ಲಂಗಿಲ್ಲ."

ನಾನು ಕಾಗದದ ಕಟ್ಟನ್ನು ತೆಗೆದುಕೊಂಡೆ.

ಇದನ್ನು ಬಚ್ಚಿಡಲಾರೆ. ಆ ಕಾಗದದ ಮೂರನೆಯ ಸಾಲಿನಲ್ಲಿ 'ನನ್ನ ಮಗುವು ಪರೀಕ್ಷೆಯಲ್ಲಿ ಇತರರದನ್ನು ನೋಡಿ ಕದ್ದು ಬರೆದಿರುವುದನ್ನು ಒಪ್ಪುತ್ತೇನೆ' ಎಂದು ಸ್ಪಷ್ಟವಾಗಿತ್ತು. ಬಸ್ಸಿನಲ್ಲಿ ಅದನ್ನು ನಾಲ್ಕು ಸಲ ಓದಿದೆ. ಕಡವಗಿಯಲ್ಲಿ ಮನೆಮನೆಗೆ ಹೋದಾಗ ಒಮ್ಮೆಯೂ ಓದಲಿಲ್ಲ. "ಮಕ್ಕಳದು ಚೂಕ ಆಗ್ಯದ, ಮಾಫಿ ಕೇಳಿ ಅರ್ಜಿ ಕೊಟ್ರ ಮತ್ತ ಪರೀಕ್ಷಾ ಬರಸ್ತಾರ" ಎಂದೆ. ಅರ್ಧ ಸತ್ಯ. ಜನ ನನ್ನ ಮುಖ ನೋಡಿ ಹೆಬ್ಬೆಟ್ಟು ಒತ್ತಿದರು. ಕಲ್ಲಣ್ಣ ಹರಿಗೋಲಿನಿಂದ ಇಳಿದು, ಕೈ ಒರಸಿಕೊಂಡು, "ನೀವ ಅಂತೀರಂದ್ರ ಆತಲ್ಲ ಬಾಯಾರ, ಎರಡೂ ಹೆಬ್ಬಟ್ಟು ಹಚ್ಚಲೇನು?" ಎಂದು ನಕ್ಕ. ಎರಡು ದಿನಗಳಲ್ಲಿ ಹದಿನೆಂಟು ಕಾಗದಗಳಾದವು. ನನ್ನ ಚೀಲದಲ್ಲಿ ಹದಿನೆಂಟು ಸುಳ್ಳುಗಳಿದ್ದವು, ಅವನ್ನು ಹೇಳಿದವರಿಗೇ ಗೊತ್ತಿರಲಿಲ್ಲ.

ಕೊನೆಗೆ ಬೀರವ್ವನ ಮನೆ. ಧೂಳಪ್ಪ ಹಿಂಡಿನ ಜೊತೆ ಕರಜಗಿಯ ಕಡೆ ಇದ್ದ. ಅವನ ತಾಯಿ ಸುಗಲಾಬಾಯಿ ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದಳು.

"ಬರ್ರಿ ಬಾಯಾರ. ಏನೋ ಕಾಗದ ಹಿಡಕೊಂಡು ತಿರಗಾಕತ್ತೀರಂತ. ಇಲೆಕ್ಷನ್ ನಿಂತೀರೇನು?"

"ಇಲ್ಲ ಯವ್ವಾ. ಮಾಫಿ ಅರ್ಜಿ."

"ಯಾರಿಗೆ ಮಾಫಿ? ಯಾಕ ಮಾಫಿ?"

"ನಕಾಶೆ ತಪ್ಪಾಗ್ಯದಂತ."

ಮುದುಕಿ ಉಣ್ಣೆ ಬಿಟ್ಟು ನನ್ನ ಮುಖ ನೋಡಿದಳು. "ತಪ್ಪು ನಕಾಶಿ ಹಿಡಕೊಂಡು ನಮ್ಮ ಹುಡಿಗಿ ಮಳ್ಯಾಗ ಹಿಂಡ ಹೊಡಕೊಂಡು ಮನಿ ಮುಟ್ಟ್ಯಾಳ. ಅವರ ಬರೋಬ್ಬರಿ ನಕಾಶಿ ಹಿಡಕೊಂಡು ಆ ಸಾಯೇಬ ಒಂದ ಸಲ ಘಾಟಿಗಿ ಬರಲಿ ನೋಡೋಣ. ಹೊಳ್ಯಾಗ ಬೀಳ್ತಾನ. ಅಲ್ಲೆ ಬಿಳೀ ಅದಲ್ಲ, ನೀರಂತ ತಿಳಿಯಂಗಿಲ್ಲ ಅವಗ."

ಒಳಗಿನಿಂದ ಬೀರವ್ವ ಬಂದಳು. ಕಾಗದ ಕೇಳಿ ತೆಗೆದುಕೊಂಡಳು. ಏಳನೇ ಇಯತ್ತೆಯವರೆಗೆ ಮರಾಠಿಯೂ ಒಂದು ವಿಷಯ. ಅವಳಿಗೆ ಚೆನ್ನಾಗಿ ಬರುತ್ತಿತ್ತು. ನನಗೆ ಆಗ ಅದು ನೆನಪಾಯಿತು. ಅವಳ ಕಣ್ಣು ಮೂರನೆಯ ಸಾಲಿನ ಮೇಲೆ ನಿಂತದ್ದನ್ನು ಕಂಡೆ. ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟಳು.

"ಅಪ್ಪ ಬರಲಿ ಬಾಯಾರ," ಎಂದಳು.

ಅಷ್ಟೇ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಕರಜಗಿಯಿಂದ ಮರಳಿದ ಧೂಳಪ್ಪ, ಸಾಹೇಬರ ಮುಂದೆಯೇ ಹೆಬ್ಬೆಟ್ಟು ಒತ್ತುತ್ತೇನೆಂದ. ಜೂನ್ ಇಪ್ಪತ್ತೇಳರಂದು ಅವನು, ಬೀರವ್ವ, ನಾನು ಮೂವರೂ ಮೊದಲ ಬಸ್ಸಿಗೆ ಸೊಲ್ಲಾಪುರಕ್ಕೆ ಹೊರಟೆವು. ಧೂಳಪ್ಪನಿಗೆ ದಾರಿಯಲ್ಲಿ ಹೇಳಬೇಕೆಂದುಕೊಂಡೆ. ಬಸ್ಸು ತುಂಬ ಜನ. ಅವನು ಕಂಬಳಿ ಹೊದ್ದು ಬಾಗಿಲ ಬಳಿ ನಿಂತ. ಹೇಳಲಿಲ್ಲ. ಜನದಟ್ಟಣೆ ನೆಪ. ಹೆದರಿದ್ದೆ.

ಕಚೇರಿಯಲ್ಲಿ ಸಾತಲಿಂಗಪ್ಪನವರು ಧೂಳಪ್ಪನಿಗೆ ಖುರ್ಚಿ ತೋರಿಸಿದರು. ಅವನು ಕೂರಲಿಲ್ಲ. ನಾನು ಹದಿನೆಂಟು ಕಾಗದಗಳನ್ನು ಮೇಜಿನ ಮೇಲಿಟ್ಟೆ.

"ಛಲೋ ಆತು," ಎಂದು ಎಣಿಸಿದರು. ನಂತರ ಬೀರವ್ವನ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ಏನವ್ವ ತಂಗಿ, ಛಲೋ ಬರೀತಿಯಂತ. ಜಿಲ್ಲಾ ನಕಾಶೆ ಬರ್ತದೇನು? ಪುಸ್ತಕದಾಗಿಂದು?"

"ಬರ್ತದ್ರಿ."

ಬಿಳಿ ಹಾಳೆ, ಪೆನ್ಸಿಲು ಕೊಟ್ಟರು. ಬೀರವ್ವ ನಿಂತುಕೊಂಡೇ ಮೇಜಿಗೆ ಬಾಗಿ ಬರೆದಳು. ಪುಸ್ತಕ ನೋಡದೆ, ರಬ್ಬರು ಮುಟ್ಟದೆ, ತಾಲೂಕು ತಾಲೂಕೇ ಇಟ್ಟಳು: ಕರಮಾಳೆ, ಬಾರ್ಶಿ, ಮಂಗಳವೇಢೆ, ಅಕ್ಕಲಕೋಟ. ಕಡವಗಿಯ ಹತ್ತಿರ ಹೊಳೆಯನ್ನು ಅಂಚಿಗೆ ಎಳೆದಳು. ಅದರಾಚೆ ಏನೂ ಬರೆಯಲಿಲ್ಲ. ಕಿಲೋಮೀಟರಿನ ಪ್ರಮಾಣವನ್ನು ಸರಿಯಾಗಿ ಹಾಕಿದಳು.

ಸಾತಲಿಂಗಪ್ಪನವರ ಮುಖ ಅರಳಿತು. "ಶಾಬ್ಬಾಸ! ನೋಡು ನೀಲಾ, ಎಲ್ಲಾ ಬರ್ತದ. ಇದನ್ನ ಅವತ್ತ ಬರದಿದ್ರ ಇಷ್ಟೆಲ್ಲಾ ಆಗ್ತಿತ್ತೇನು?" ಮತ್ತೆ ಹುಡುಗಿಯ ಕಡೆ ತಿರುಗಿದರು. "ಈಗ ಕೆಳಗ ಒಂದ ಸಾಲ ಬರಿ ತಂಗಿ. ಮೊದಲಿನ ನಕಾಶೆ ನಕಲು ಮಾಡಿದ್ದು, ಇದು ನನ್ನದು, ಅಂತ. ಸಹಿ ಮಾಡು. ನಿಮ್ಮಪ್ಪ ಅರ್ಜಿಗೆ ಹೆಬ್ಬಟ್ಟು ಹಚ್ಚಲಿ. ಸಂಜಿಗೆ ಪರವಾನಗಿ ತಗೊಂಡು ವಸತಿಗೃಹಕ್ಕ ಹೋಗ್ರಿ."

ಬೀರವ್ವ ಪೆನ್ಸಿಲು ಕೆಳಗಿಟ್ಟು ಅಪ್ಪನನ್ನು ನೋಡಿದಳು.

ಸಿಪಾಯಿ ಶಾಯಿಯ ಡಬ್ಬಿ ತಂದ. ಧೂಳಪ್ಪ ಹೆಬ್ಬೆರಳನ್ನು ಶಾಯಿಗೆ ಒತ್ತಿದ. ಕಾಗದದ ಮೇಲೆ ಇಡುವ ಮುಂಚೆ ನನ್ನ ಕಡೆ ತಿರುಗಿದ.

"ಬಾಯಾರ, ನಂಗ ಓದಾಕ ಬರಂಗಿಲ್ಲ. ಇದರಾಗ ಏನೈತಿ ಹಂಗ ಓದಿ ಹೇಳ್ರಿ. ಹುಡಿಗಿ ಮಾರಿ ನೋಡಿದ್ರ ನಂಗ ಬರೋಬರಿ ಅನಸವಲ್ದು."

"ಅರೇ, ಮಾಫಿ ಅರ್ಜಿ ಮಾರಾಯಾ," ಎಂದರು ಸಾಹೇಬರು. "ಬಾಯಾರು ಹೇಳ್ಯಾರಲ್ಲ."

"ನಮ್ಮವ್ವಗ ಹೇಳ್ಯಾರ. ನಂಗ ಹೇಳಿಲ್ಲ."

ನಾನು ಕಾಗದ ಎತ್ತಿಕೊಂಡೆ. ಕಾಕಾ ನನ್ನನ್ನೇ ನೋಡುತ್ತಿದ್ದರು. ನಮ್ಮಪ್ಪನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನನಗೆ ಪೆಪ್ಪರಮೆಂಟು ಕೊಡುತ್ತಿದ್ದಾಗಿನ ಅದೇ ಕಣ್ಣು. ಮೊದಲ ಸಾಲು ಓದಿದೆ, ಎರಡನೆಯದನ್ನೂ ಓದಿದೆ. ಮೂರನೆಯದನ್ನು ಗಟ್ಟಿಯಾಗಿ ಓದಿದೆ, ಕನ್ನಡದಲ್ಲಿ, ಹೊರಗೆ ಬೆಂಚಿನ ಮೇಲೆ ಕುಳಿತವರಿಗೂ ಕೇಳುವಂತೆ: "ನಮ್ಮ ಮಗಳು ಬ್ಯಾರೆಯವರದು ನೋಡಿ ಕದ್ದು ಬರದಾಳ ಅನ್ನೂದನ್ನ ಒಪ್ಪತೀನಿ."

ಧೂಳಪ್ಪ ಮೇಜಿನ ಮೇಲಿನ ಕಾಗದಗಳನ್ನು ತೋರಿಸಿದ.

"ಇದನ್ನ ಹದಿನೆಂಟು ಮಂದಿಗೂ ಓದಿ ಹೇಳೀರಿ?"

"ಇಲ್ಲ ಧೂಳಪ್ಪ. ಅರ್ಧಾ ಹೇಳೀನಿ. ತಪ್ಪು ನಂದು."

ಅವನು ಸಾಹೇಬರ ಕಡೆ ತಿರುಗಿದ. ಶಾಯಿ ಹತ್ತಿದ ಬೆರಳು ಹಾಗೇ ಮೇಲಕ್ಕೆತ್ತಿಯೇ ಇತ್ತು. "ನೋಡ್ರಿ ಸಾಯೇಬರ. ಕುರಿ ಹೊಲಾ ಹೊಕ್ಕಾವು ಅಂತ ಎಷ್ಟ ಊರಾಗ ನನ್ನ ಗಿಡಕ್ಕ ಕಟ್ಟ್ಯಾರ. ಹೊಕ್ಕಿದ್ರ ಹೌದ್ರಿ ಅಂದೀನಿ, ಮರಿ ಬಿಟ್ಟು ಕೊಟ್ಟು ಬಂದೀನಿ. ಹೊಕ್ಕಿಲ್ಲಂದ್ರ ಹೌದು ಅಂದಿಲ್ಲ. ಬಡದಾರ. ಅಂದಿಲ್ಲ." ಬೆರಳನ್ನು ಕಂಬಳಿಗೆ ಒರಸಿಕೊಂಡ. "ಹುಡಿಗಿನ್ನ ಕೇಳ್ರಿ. ಬರದಾಕಿ ಅಕಿ."

ನಾನು ಮೇಜಿನ ಮೇಲಿದ್ದ ಹದಿನೆಂಟು ಕಾಗದಗಳನ್ನು ಒಟ್ಟುಮಾಡಿ ಚೀಲಕ್ಕೆ ಹಾಕಿಕೊಂಡೆ.

"ನೀಲಾ, ಅವನ್ನ ಇಡು ಅಲ್ಲೆ!"

"ಇವು ಓದಿ ಹೇಳಲಾರದ ಹಚ್ಚಿಸಿದ್ದು ರೀ. ಮನಿ ಮನಿಗೆ ಹೋಗಿ ಓದಿ ಹೇಳ್ತೀನಿ. ಆಮ್ಯಾಲೆ ಯಾರು ಕೊಡ್ತಾರ, ಅವರದು ತರ್ತೀನಿ."

"ನೌಕರಿ ಹೋಗ್ತದ. ನಿಮ್ಮಪ್ಪಗ ನಾ ಏನಂತ ಹೇಳಲಿ?"

"ಇದನ್ನ ಹೇಳ್ರಿ. ನೀವು ನೋಡಿದ್ದನ್ನ."

ಸಾತಲಿಂಗಪ್ಪನವರು ಎದ್ದು ನಿಂತರು. ಮೇಜು ಬಳಸಿ ಬೀರವ್ವನ ಬಳಿ ಬಂದರು. ಹದಿಮೂರರ ಹುಡುಗಿ ಅವರ ಎದೆಯೆತ್ತರಕ್ಕಿದ್ದಳು.

"ಇವರಿಬ್ಬರೂ ಹುಚ್ಚರು," ಎಂದರು. "ನೀ ಶಾಣ್ಯಾಕಿ. ಕೇಳಿಲ್ಲಿ. ಇನ್ನ ಮೂರ ದಿನಾ ಅದ. ಇದೊಂದ ಸಾಲ ಬರದ್ರ ಸಾಲಿ. ಬರೀಲಿಲ್ಲಂದ್ರ ಎರಡ ವರ್ಷ ನಪಾಸ. ಎರಡ ವರ್ಷ ಆದಮ್ಯಾಲೆ ನಿನ್ನ ಯಾರ ಸಾಲಿಗೆ ಕಳಸ್ತಾರ? ಕುರಿ ಹಿಂದ ಹೋಗ್ತಿ. ಗೊತ್ತದ ಹೌದಿಲ್ಲೊ?"

"ಗೊತ್ತದ್ರಿ."

"ಮತ್ತ?"

"ನಪಾಸ ಅಂತ ಬರೀರಿ ಸಾಯೇಬರ. ನಡೀತದ. ನಕಲ ಅಂತ ಬರೀಬ್ಯಾಡ್ರಿ."

ಅವರು ಪೆನ್ಸಿಲನ್ನು ಎತ್ತಿ ಅವಳ ಕೈಬೆರಳುಗಳ ನಡುವೆ ಇಟ್ಟರು. ಬಿಳಿ ಹಾಳೆಯನ್ನು ಅವಳ ಮುಂದಕ್ಕೆ ಸರಿಸಿದರು.

"ಬರಿ."

ಬೀರವ್ವ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

"ಬರಿಯಂಗಿಲ್ರಿ."